ಗೋಣಿಯ ಕೋಟೆಯಲ್ಲಿ ನಡೆದ ಪೇಶಿ

ಎತ್ತುಗಳನ್ನು ಹಿಡಿದುಕೊಂಡು ಹೋದವನು ಮಕ್ತೇದಾರ. ಕೂರಿಗೆಗೆ ಹೆಗಲು ಕೊಟ್ಟವರು ತಾಂಡಾದ ಹೆಂಗಸರು. ಕಲ್ಯಾಣಕ್ಕೂ ಹುಮನಾಬಾದಿಗೂ ನಡುವಿನ ಒಂದು ಕಲ್ಲುದಿಬ್ಬದ ಮೇಲೆ, ಯುದ್ಧದ ದಿನಗಳ ಒಂದು ಮಿರಗದ, ಅಂದರೆ ಮೃಗಶಿರದ, ಮಳೆಯಲ್ಲಿ ನಡೆದದ್ದು ಇದು. ಇದಕ್ಕಿಂತ ಮೆತ್ತಗಿನ ಮಾತಿನಲ್ಲಿ ಇದನ್ನು ಹೇಳಲು ನಾನು ಒಪ್ಪುವುದಿಲ್ಲ. ಎತ್ತಿಗೆ ಕಟ್ಟುವ ಮಿಣಿಯನ್ನು ಎದೆಗೆ ಅಡ್ಡ ಸುತ್ತಿಕೊಂಡು, ಇಬ್ಬಿಬ್ಬರಾಗಿ ನೊಗಕ್ಕೆ ನಿಂತು, ಆ ತಾಯಂದಿರು ಹೊಲ ಬಿತ್ತಿದರು. ಅವರಲ್ಲಿ ಒಬ್ಬಾಕೆಯ ಹೆಗಲ ಮೂಳೆ ಮುರಿದು ಮತ್ತೆ ಕೂಡಿಕೊಂಡಿತು, ನೆಟ್ಟಗೆ ಕೂಡಲಿಲ್ಲ.

ಮಕ್ತೇದಾರನೆಂದರೆ ಹಳ್ಳಿಯೊಂದರ ಕಂದಾಯವನ್ನು ಇನಾಮಾಗಿ ಪಡೆದು, ಹಳ್ಳಿಯನ್ನೇ ಪಡೆದೆನೆಂದು ತಿಳಿದವನು. ಬೇಸಿಗೆ ಮುಗಿಯುವ ಹೊತ್ತಿಗೆ ಅವನ ಕಾಳು ಹುಮನಾಬಾದಿನ ಅಡತ್ತಿ ಅಂಗಡಿಗಳಿಗೆ ಸಾಗಬೇಕು. ಅದಕ್ಕೆ ತಾಂಡಾದ ಎತ್ತುಗಳು ಬಿಟ್ಟಿಗೆ ಬೇಕು. ಬಿತ್ತನೆ ಮುಗಿದ ಮೇಲೆ, ಎಲುಬು ಕಾಣುವಂತಾದ ಎತ್ತುಗಳನ್ನು ಅವನು ಬಿಟ್ಟು ಕಳಿಸುತ್ತಿದ್ದ. ಬಿಟ್ಟಿ ಕೂಡದೆಂದು ಸರಕಾರ ಎಂದೋ ಸಾರಿತ್ತು. ಸಾರಿದ ಕಾಗದ ಕಚೇರಿಯ ಗೋಡೆಯ ಮೇಲಿತ್ತು. ಮಕ್ತೇದಾರನ ಕೋಟೆಮನೆಯಾದ ಗಢಿಯ ಮುಂದೆ ಬಿಟ್ಟಿಯ ಎತ್ತು ಕಟ್ಟಲು ನೆಟ್ಟ ಕಲ್ಲಿನ ಗೂಟಗಳಿಗೆ ಅದರ ಸುದ್ದಿ ಮುಟ್ಟಿರಲಿಲ್ಲ.

ಮರುವರ್ಷ ಮಿರಗ ಇನ್ನೂ ದೂರವಿರುವಾಗಲೇ ಅವನ ಜವಾನರು ಮತ್ತೆ ಬಂದು ಎತ್ತು ಹಿಡಿದರು. ಆಗ ನಾನು ಹುಮನಾಬಾದಿನಲ್ಲಿ ಹಿರಿಯ ವಕೀಲರೊಬ್ಬರ ಕೈಕೆಳಗೆ ಕಿರಿಯ ವಕೀಲನಾಗಿದ್ದೆ. ಬಿಟ್ಟಿಯ ವಿರುದ್ಧ ಅರ್ಜಿ ಬರೆಯುವುದನ್ನೇ ವ್ರತವಾಗಿ ಹಿಡಿದಿದ್ದೆ. ಮಿರಗದ ಮಳೆಗೆ ಮುಂಚೆ ಎತ್ತು ಬಿಡಿಸಬೇಕು. ಇಲ್ಲವಾದರೆ ಹೆಂಗಸರು ಮತ್ತೆ ನೊಗಕ್ಕೆ. ನನ್ನೆದುರಿಗಿದ್ದ ಕೆಲಸ ಇಷ್ಟು.

ಆ ತಾಂಡಾದ ರೀತಿಯನ್ನು ಇಲ್ಲಿ ಹೇಳಬೇಕು. ಲಂಬಾಣಿಗರು ಹಿಂದೆ ಎತ್ತಿನ ಬೆನ್ನಿಗೆ ಉಪ್ಪು, ಕಾಳು ಹೇರಿಕೊಂಡು ದೇಶ ತಿರುಗಿದವರು. ಆ ಹೇರಿನ ಪಯಣಕ್ಕೆ ಅವರು ಲದೇಣಿ ಎನ್ನುತ್ತಾರೆ. ರೈಲು ಬಂದು ಲದೇಣಿ ನಿಂತಿತು. ನಿಂತಲ್ಲಿ ಕಲ್ಲುಮಣ್ಣಿನ ಮಡ್ಡಿ ಹೊಲ ಮಾಡಿಕೊಂಡರು. ಆದರೆ ದಂಡಿನಂತಿದ್ದ ಕಟ್ಟುಪಾಡು ಉಳಿಯಿತು. ತಾಂಡಾಕ್ಕೊಬ್ಬ ನಾಯಕ, ಅವನ ಮಾತು ನಡೆಸುವವನು ಕಾರಭಾರಿ. ಬೇವಿನ ಮರದ ಕಟ್ಟೆಯ ಮೇಲೆ ಗಂಡಸರು ಕೂಡಿ ನ್ಯಾಯ ಹೇಳುವುದು ನಸಾಬ. ಅಪಾಯ ಬಂದರೆ ನಗಾರಿ ಬಡಿಯುತ್ತಾರೆ. ಬಡಿದೊಡನೆ ಗಂಡಸರು ಕೈಗೆ ಸಿಕ್ಕ ಎತ್ತುಗಳನ್ನು ಬಿಚ್ಚಿಕೊಂಡು ದಿಬ್ಬದ ಹಿಂದಿನ ಖೋರಿಗೆ, ಆ ಆಳವಾದ ಕೊರಕಲಿಗೆ ಓಡುತ್ತಾರೆ. ಎಲ್ಲರ ಮುಂದೆ ನಾಯಕ. ಹೆಂಗಸರು ಗುಡಿಸಲು ಕಾಯಲು ಉಳಿಯುತ್ತಾರೆ. ಕಟ್ಟು ಬಿಚ್ಚಲಾಗದೆ ಉಳಿದ ಎತ್ತುಗಳಿಗಾಗಿ ಜವಾನರೊಂದಿಗೆ ಹಗ್ಗ ಜಗ್ಗಬೇಕಾದವರೂ ಅವರೇ. ಹೀಗಾಗಿ ಹೆಚ್ಚಿನ ಮನೆಗಳಲ್ಲಿ ಜೋಡಿಯ ಒಂದು ಎತ್ತು ಖೋರಿಯಲ್ಲಿ ಬದುಕಿತು, ಇನ್ನೊಂದು ಗಢಿಯ ಪಾಲಾಯಿತು. ಒಂಟಿ ಎತ್ತಿನಿಂದ ಬಿತ್ತಲಾಗದು.

ಅರ್ಜಿಯನ್ನು ನಾನು ಶ್ರದ್ಧೆಯಿಂದ ಕಟ್ಟಿದೆ. ಪ್ರತಿ ಎತ್ತಿನ ಬಣ್ಣ, ಕೊಂಬಿನ ತಿರುವು, ಬರೆಯ ಗುರುತು, ಕಟ್ಟಿದ್ದ ಜಾಗ, ಒಂದನ್ನೂ ಬಿಡಲಿಲ್ಲ. ಕಚೇರಿಯ ಭಾಷೆ ಉರ್ದು, ತಾಂಡಾದ ಭಾಷೆ ಲಂಬಾಣಿ, ನಡುವೆ ನನ್ನ ಕನ್ನಡ. ಮೂರು ಭಾಷೆಗಳಲ್ಲಿ ಒಂದೇ ಸತ್ಯ ನಿಲ್ಲುವಂತೆ ಪ್ರತಿ ಸಾಲನ್ನೂ ಓದಿ ಹೇಳಿ, ಒಪ್ಪಿಗೆ ಪಡೆದೆ. ಮೊದಲ ಪೇಶಿಗೆ, ಅಂದರೆ ವಿಚಾರಣೆಗೆ, ನಾಯಕ ಬಿಳಿ ಪಗಡಿ ಸುತ್ತಿಕೊಂಡು ಬಂದ. ಮಕ್ತೇದಾರ ಬರಲಿಲ್ಲ. ಅವನ ವಕೀಲರು ಬಂದರು. ಎಲೆಯಡಿಕೆ ತುಂಬಿದ ಬಾಯಿ, ನಿಧಾನವಾದ ಮಾತು. ಅವರ ವಾದ ಒಂದೇ: ತಾಂಡಾದವರು ಎತ್ತುಗಳನ್ನು ಖುಷಿಯಿಂದ ಕೊಟ್ಟಿದ್ದಾರೆ.

"ಖುಷಿಲೆ ಎಲ್ಲಿದ್ರಿ? ಜವಾನರು ಬಡದು ಒಯ್ದಾರ. ನಾನೇ ನಿಂತು ನೋಡೀನಿ" ಎಂದ ನಾಯಕ.

ವಕೀಲರು ಎದ್ದು ನಿಂತರು. "ನಾಯಕರ, ನಗಾರಿ ಬಡದಾಗ ತಾವು ಎಲ್ಲಿರತೀರಿ?"

"ಎತ್ತಿನ ಮುಂದ ಇರತೀನ್ರಿ. ಹಿಂದ ಉಳದ್ರ ನಾ ನಾಯಕ ಹ್ಯಾಂಗ ಆದೇನು?"

"ಅಂದ್ರ ಖೋರಿಯೊಳಗ."

"ಹೌದ್ರಿ."

"ಖೋರಿಯೊಳಗ ನಿಂತು ದಿಬ್ಬದ ಮ್ಯಾಲಿನ ಗುಡಸಲ ಕಂಡ್ರಿ! ನಾಯಕರ ಕಣ್ಣು ಭಾಳ ದೊಡ್ಡವು ಬಿಡ್ರಿ."

ಕಚೇರಿ ನಕ್ಕಿತು. ನಾಯಕನಿಗೆ ನಗುವಿನ ಕಾರಣ ತಿಳಿಯಲಿಲ್ಲ. ಅವನು ಸುಳ್ಳು ಹೇಳಿರಲಿಲ್ಲ. ತಾಂಡಾದಲ್ಲಿ ಯಾರು ಏನನ್ನೇ ಕಂಡರೂ ನಾಯಕನಿಗೆ ಒಪ್ಪಿಸುತ್ತಾರೆ. ಒಪ್ಪಿಸಿದ ಮೇಲೆ ಅದು ನಾಯಕ ಕಂಡದ್ದೇ ಆಗುತ್ತದೆ. ಹೊರಗಿನವರ ಮುಂದೆ ತಾಂಡಾಕ್ಕೆ ಇರುವುದು ಒಂದೇ ಬಾಯಿ. ತಲೆಮಾರುಗಳಿಂದ ಆ ಒಂದು ಬಾಯಿ ತಾಂಡಾವನ್ನು ಒಡೆಯದಂತೆ ಕಾಪಾಡಿತ್ತು. ಅಂದು ಅದೇ ಅವರನ್ನು ಕೆಡವಿತು.

ವಿಚಾರಣೆಯ ಅಧಿಕಾರಿ ಲೇಖನಿ ಕೆಳಗಿಟ್ಟರು. "ಸುನೀ ಹುಯೀ ಬಾತ್ ಗವಾಹಿ ನಹೀಂ ಹೋತಿ." ಕೇಳಿದ ಮಾತು ಸಾಕ್ಷಿಯಾಗದು. ಕಣ್ಣಾರೆ ಕಂಡವರು ಮುಂದಿನ ಪೇಶಿಗೆ ಬರಬೇಕು, ಇಲ್ಲವೆಂದರೆ ಅರ್ಜಿ ಖಾರಿಜು, ಅಂದರೆ ವಜಾ. ಮಿರಗಕ್ಕೆ ಮುಂಚಿನ ಪೇಶಿ ಅದೊಂದೇ ಇತ್ತು.

ಮರಳುವ ದಾರಿಯಲ್ಲಿ ನಾಯಕ, "ನಾ ಸುಳ್ಳ ಹೇಳಿಲ್ರಿ" ಎಂದ.

"ಸುಳ್ಳಲ್ರಿ, ನಾಯಕರ. ಖರೇ ಮಾತು ಬ್ಯಾರೆಯವರ ಬಾಯಿಂದ ಬಂತು, ಅಷ್ಟ. ಕಂಡೋರು ಯಾರು? ಹೆಣಮಕ್ಕಳು. ಅವರ ಬಾಯಿಂದ ಬರಲಿ."

"ಅದನ್ನ ನಸಾಬ ಹೇಳಬೇಕ್ರಿ" ಎಂದ ನಾಯಕ.

ಮರುದಿನ ನಸಾಬ ಕೂಡಿತು. ಗಂಡಸರು ಕಟ್ಟೆಯ ಮೇಲೆ. ಹೆಂಗಸರು ದೂರದಲ್ಲಿ, ಗುಡಿಸಲುಗಳ ನೆರಳಿನಲ್ಲಿ, ಕೇಳಿಸಿಯೂ ಕೇಳಿಸದವರಂತೆ. ನಾನು ನನ್ನ ಮಾತನ್ನು ಮತ್ತೆ ಇಟ್ಟೆ. ಎಲ್ಲರಿಗಿಂತ ಮೊದಲು ಸಿಡಿದವನು ಕಾರಭಾರಿ.

"ವಕೀಲ ಸಾಹೇಬ್ರ, ಕಚೇರಿ ಮುಂದ ಹೆಂಗಸು ಬಾಯಿ ತೆಗದ್ರ ನಾಯಕನ ತಲೀ ಮ್ಯಾಲ ಪಗಡಿ ಯಾಕ ಬೇಕ್ರಿ? ಆ ಬಟ್ಟಿ ನಿಮಗ ಕೊಡತೀವಿ, ಧೋತರ ಮಾಡಕೋರಿ."

ಗಂಡಸರು ನಕ್ಕರು. ಅಷ್ಟರಲ್ಲಿ ಗುಡಿಸಲ ನೆರಳಿನಿಂದ ಒಂದು ಹೆಣ್ಣುದನಿ ಬಂತು.

"ಕೂರಿಗಿ ಜಗ್ಗಾಕ ನಮ್ಮ ಹೆಗಲು ಬೇಕು. ಕಂಡದ್ದ ಹೇಳಾಕ ನಮ್ಮ ಬಾಯಿ ಬ್ಯಾಡೇನು?"

ಕಾರಭಾರಿಯ ಮುಖ ಕೆಂಪಾಯಿತು. ಆ ದನಿ ಅವನ ಸ್ವಂತ ಸೊಸೆಯದು. ಹೆಗಲ ಮೂಳೆ ನೆಟ್ಟಗೆ ಕೂಡದಿದ್ದುದೂ ಅವಳದೇ. ಅವನು ಗದರಿಸಿದ. ಆದರೆ ಆಡಿದ ಮಾತು ಕಟ್ಟೆಯ ಮೇಲೆಯೇ ಉಳಿಯಿತು.

ನಾನು ಅನ್ಯಾಯವನ್ನು ಮಕ್ತೇದಾರನ ಗಢಿಯಲ್ಲಿ ಮಾತ್ರ ಕಾಣುವವನಲ್ಲ. ನೋವುಂಡವಳಿಗೆ ನೋವು ಹೇಳುವ ಹಕ್ಕಿಲ್ಲವೆನ್ನುವ ಕಟ್ಟೆಯೂ ಅನ್ಯಾಯದ ಕಟ್ಟೆಯೇ. ಹೆಣ್ಣು ಗಂಡೆನ್ನದೆ ಶರಣರು ಒಂದೆಡೆ ಕೂತು ಅನುಭವ ಹೇಳಿದ ಕಲ್ಯಾಣ ಇಲ್ಲಿಂದ ಒಂದು ಹಗಲಿನ ನಡಿಗೆ. ಇದನ್ನೆಲ್ಲ ಅಂದು ಹೇಳಿದೆ, ಗಟ್ಟಿಯಾಗಿಯೇ ಹೇಳಿದೆ. ಯಾರೂ ಅಲುಗಲಿಲ್ಲ. ಹಳೆಯ ಕಟ್ಟಳೆಗೆ ನನ್ನ ಹೊಸ ಮಾತು ತಾಗುತ್ತಿರಲಿಲ್ಲ. ಹಾಗಾದರೆ ಅವರ ಕಟ್ಟಳೆಯನ್ನೇ ಪೂರ್ತಿಯಾಗಿ ಕೇಳೋಣ ಎನ್ನಿಸಿತು. ಕಟ್ಟೆಯ ಅಂಚಿಗೆ ಬರಬಹುದಾದ ಹೆಂಗಸು ಒಬ್ಬಳೇ ಇದ್ದಳು, ನಾಯಕನ ಮುದಿ ತಾಯಿ. ಎಲ್ಲರೂ ಆಕೆಯನ್ನು ಯಾಡಿ, ಅಂದರೆ ತಾಯಿ, ಎಂದೇ ಕರೆಯುತ್ತಿದ್ದರು. ಕೊನೆಯ ಲದೇಣಿಯಲ್ಲಿ ನಡೆದು ಬಂದವರಲ್ಲಿ ಉಳಿದವಳು ಆಕೆ.

"ಯಾಡಿ, ಲದೇಣಿ ಬೀಡು ಬಿಟ್ಟಾಗ ಗಂಡಸರು ಎತ್ತು ಮೇಯಸಾಕ ಹೋದ್ರ ಬೀಡು ಯಾರು ಕಾಯತಿದ್ರು?"

"ಅದೇನ ಕೇಳತಿ ತಮ್ಮಾ, ನಾವ ಕಾಯತಿದ್ದಿವಿ." ಆಕೆ ಕೈಯಿಂದ ಗಾಳಿಯಲ್ಲಿ ಒಂದು ಸುತ್ತು ಬರೆದಳು. "ಹೇರಿನ ಗೋಣಿ ಎಲ್ಲಾ ಇಳಿಸಿ ಸುತ್ತ ಗ್ವಾಡಿ ಒಟ್ಟತಿದ್ದಿವಿ. ಯಾವ ಮನಿ ಗೋಣಿ ಎಲ್ಲಿ ಅದಾವು, ಅಲ್ಲಿ ಆ ಮನಿ ಹೆಂಗಸು ಕುಂದರಬೇಕು. ಹೊರಗ ಏನ ಕಂಡ್ರೂ ಕೂಗಿ ಹೇಳಬೇಕು."

"ಯಾರಿಗೆ?"

"ನಾಯಕಗ. ಮತ್ತ್ಯಾರಿಗೆ? ಗೋಣಿ ಮ್ಯಾಲ ಕುಂತಾಕಿ ಮಾತ ನಾಯಕ ಅರ್ಧಕ್ಕ ನಿಲ್ಲಸಂಗಿಲ್ಲ. ನಿಲ್ಲಸಿದಾ ಅಂದ್ರ ಕಳ್ಳರು ಒಳಗ ಬಂದ್ರಂತನ ತಿಳಿ."

ಕಟ್ಟೆಯ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಈ ಕಟ್ಟಳೆಯನ್ನು ಯಾರೂ ರದ್ದು ಮಾಡಿರಲಿಲ್ಲ. ಲದೇಣಿ ನಿಂತಿದ್ದರಿಂದ ಅದರ ಬಳಕೆ ನಿಂತಿತ್ತು, ಅಷ್ಟೇ.

"ಹಂಗಾದ್ರ ಗೋಣಿ ಗ್ವಾಡಿ ಹುಮನಾಬಾದಿನಾಗ ಒಟ್ಟೋಣ. ಅಧಿಕಾರಿಗಳನ್ನ ನಾ ಅಲ್ಲಿಗೆ ಕರಕೊಂಡ ಬರತೀನಿ" ಎಂದೆ.

ಕಾರಭಾರಿ ಇನ್ನೊಂದು ತೊಡಕು ತೆಗೆದ. ಅದು ಹುರುಳಿದ್ದ ತೊಡಕು. ಹೆಂಗಸರ ಜೊತೆ ಗಂಡಸರು ಹೋದರೆ ಉಳಿದ ಎತ್ತುಗಳನ್ನು ಕಾಯುವವರಾರು? ಎತ್ತು ಕಾಯಲು ಗಂಡಸರು ಉಳಿದರೆ ಗಢಿಯ ಜವಾನರಿರುವ ದಾರಿಯಲ್ಲಿ ಹೆಂಗಸರಿಗೆ ಯಾರು ದಿಕ್ಕು? ನಾಯಕ ಪಗಡಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಯೋಚಿಸಿದ. ಮತ್ತೆ ಸುತ್ತಿಕೊಂಡಾಗ ತೀರ್ಮಾನವಾಗಿತ್ತು.

"ಯಾರೂ ಉಳಿಯೂದು ಬ್ಯಾಡ. ಎತ್ತು, ನಾಯಿ, ಹೆಣಮಕ್ಕಳು, ಎಲ್ಲಾರೂ ಹೊಂಡೂಣು. ಲದೇಣಿ ಕಟ್ಟೂಣು."

ನನ್ನ ಪಾಲಿನ ಕೆಲಸ ಅಧಿಕಾರಿಗಳನ್ನು ಒಪ್ಪಿಸುವುದು. ಕಚೇರಿಯ ಹೊರಗೆ ಕುಳಿತು ಸಾಕ್ಷಿ ಬರೆದುಕೊಳ್ಳಲು ಕಾನೂನು ಅಡ್ಡಿ ಬರುವುದಿಲ್ಲ. ಅಡ್ಡಿ ಬರುವುದು ಕುರ್ಚಿ. ಅವರು ಮೊದಲು ನಿರಾಕರಿಸಿದರು. ಹೊಲದಲ್ಲಿ ದುಡಿಯುವ ಹೆಂಗಸರಿಗೆ ಕಚೇರಿಯ ಮೆಟ್ಟಿಲೇನು ಭಾರ ಎಂದರು. ನಾನು ಎರಡು ರಾತ್ರಿ ನಿಬಂಧನೆಗಳನ್ನು ಓದಿ ಹುಡುಕಿಟ್ಟಿದ್ದ ಮಾತನ್ನು ಆಗ ಹೇಳಿದೆ. "ಜನಾಬ್, ಪರದೆಯ ಹೆಂಗಸರ ಸಾಕ್ಷಿಯನ್ನು ಅವರ ಮನೆಗೇ ಹೋಗಿ ಬರೆದುಕೊಳ್ಳುತ್ತೀರಿ. ಸಂಪ್ರದಾಯ ಅವರನ್ನು ಹೊರಗೆ ಬಿಡದೆಂಬ ಕಾರಣಕ್ಕೆ. ಇವರ ಸಂಪ್ರದಾಯ ಗೋಣಿಯ ಮೇಲಲ್ಲದೆ ಬೇರೆಲ್ಲೂ ಮಾತಾಡಲು ಬಿಡದು. ಅವರಿಗೆ ಪರದೆ, ಇವರಿಗೆ ಗೋಣಿ. ಒಂದೇ ನಿಯಮ ಇಬ್ಬರಿಗೂ ಸಲ್ಲಬೇಕು." ಅವರು ಸ್ವಲ್ಪ ಹೊತ್ತು ಮೀಸೆ ತೀಡಿಕೊಂಡರು. ಅರ್ಜಿಯ ಅಂಚಿನಲ್ಲಿ ಏನೋ ಗೀಚಿದರು. "ಆವುಂಗಾ" ಎಂದರು. ಬರುತ್ತೇನೆ.

ತಾಂಡಾದ ಪ್ರತಿ ಗುಡಿಸಲಿನ ಹಿಂಗೋಡೆಗೆ ಹಳೆಯ ಹೇರಿನ ಗೋಣಿಗಳನ್ನು ಒಟ್ಟಿ, ಮೇಲೆ ಕಸೂತಿಯ ಹೊದಿಕೆ ಹಾಸಿ, ಕುಂಕುಮ ಹಚ್ಚುತ್ತಿದ್ದರು. ಅವನ್ನು ಕೆಳಗಿಳಿಸಿದಾಗ ಇಲಿಗಳು ಹಾರಿ ಓಡಿದವು. ಹೆಂಗಸರು ದಬ್ಬಣ, ಸೆಣಬಿನ ಹುರಿ ಹಿಡಿದು ಹರಿದುದನ್ನು ಹೊಲಿದರು. ದಾರಿಗೆ ಹಗುರಾಗಲೆಂದು ಒಳಗೆ ಜೋಳದ ಹೊಟ್ಟು ತುಂಬಿದರು. ತೊಂದರೆ ಬಂದದ್ದು ಎತ್ತುಗಳಿಂದ. ನೊಗ ಬಲ್ಲ ಎತ್ತುಗಳಿಗೆ ಹೇರು ಗೊತ್ತಿರಲಿಲ್ಲ; ಬೆನ್ನಿಗೆ ಗೋಣಿ ಬಿದ್ದೊಡನೆ ಒದ್ದು ಕೆಡವಿದವು. ಮೊದಲ ದಿನ ದಿಬ್ಬದ ತುಂಬ ಹೊಟ್ಟು ಹಾರಿತು. ಯಾಡಿ ಕೋಲೂರಿ ನಡುವೆ ನಿಂತು ಹೇಳಿಕೊಟ್ಟಳು. ಮೊದಲು ಕಂಬಳಿ, ಆಮೇಲೆ ಬರಿದಾದ ಗೋಣಿ, ಆಮೇಲೆ ಅರ್ಧ ಹೇರು. ಕೆಲವೇ ದಿನಗಳಲ್ಲಿ ಎತ್ತುಗಳು ಒಪ್ಪಿದವು. ನಾನು ಮರೆಯಲಾಗದ ಸಂಗತಿಯೊಂದಿದೆ. ನೊಗಕ್ಕೆ ಜೋಡಿ ಬೇಕು, ಹೇರಿಗೆ ಒಂಟಿ ಎತ್ತೇ ಸಾಕು. ಜೋಡಿ ಮುರಿದು ಬರಿದೆ ನಿಂತಿದ್ದ ಎತ್ತುಗಳೇ ಲದೇಣಿಯ ಸಾಲಾದವು.

ನಸುಕಿನಲ್ಲಿ ಹೊರಟೆವು. ಎಲ್ಲಕ್ಕೂ ಮುಂದೆ, ದೇವರಿಗೆ ಬಿಟ್ಟ, ಎಂದೂ ಹೇರು ಹೊರದ ಎತ್ತು, ಕೊರಳಲ್ಲಿ ಗಂಟೆ. ಅದರ ಪಕ್ಕ ಕಾರಭಾರಿ. ನಡುವೆ ಹೆಂಗಸರು, ಅವರವರ ಮನೆಯ ಎತ್ತಿನೊಂದಿಗೆ. ಎರಡೂ ಮಗ್ಗುಲಿಗೆ ಗಂಡಸರು, ನಾಯಿಗಳು. ಒಂದೊಂದು ಎತ್ತಿನ ಹಗ್ಗ ಅದರ ಮುಂದಿನ ಎತ್ತಿನ ಹೇರಿಗೆ ಕಟ್ಟಿತ್ತು. ನಾಯಕ ಎಲ್ಲರಿಗೂ ಹಿಂದೆ. ಲದೇಣಿಯಲ್ಲಿ ನಾಯಕನ ಜಾಗ ಬಾಲದಲ್ಲಿ, ಉಳಿದವರನ್ನು ಬಿಟ್ಟು ಅವನು ಮುಂದೆ ಹೋಗುವಂತಿಲ್ಲ.

ಹಳ್ಳ ದಾಟುವಲ್ಲಿ ಗಢಿಯ ಜವಾನರು ನಿಂತಿದ್ದರು.

"ಎಲ್ಲಿಗೆ ಹೊಂಟ್ರೋ?"

"ಪೇಶಿಗೆ, ಸಾಹೇಬ" ಎಂದ ಕಾರಭಾರಿ, ನಿಲ್ಲದೆ.

"ಎತ್ತಿಗೂ ಪೇಶಿ ಐತೇನು?"

"ಐತ್ರಿ. ನಮ್ಮ ಮಾತ ಸುಳ್ಳಂತ ನಿಮ್ಮ ವಕೀಲರು ಅಂದಾರ. ಎತ್ತು ಸುಳ್ಳ ಹೇಳೂದಿಲ್ಲಲ್ಲ, ಅದಕ್ಕ ಕರಕೊಂಡ ಹೊಂಟೀವಿ."

ಒಬ್ಬ ಜವಾನ ಎತ್ತಿನ ಹಗ್ಗಕ್ಕೆ ಕೈ ಹಾಕಿದ. ಒಂದು ಎತ್ತನ್ನು ನಿಲ್ಲಿಸಬೇಕಾದರೆ ಇಡೀ ಸಾಲನ್ನೇ ನಿಲ್ಲಿಸಬೇಕಿತ್ತು. ಸಾಲು ನಿಲ್ಲಲಿಲ್ಲ, ಯಾರೂ ಓಡಲೂ ಇಲ್ಲ. ಹಗ್ಗದೊಂದಿಗೆ ನಾಲ್ಕು ಹೆಜ್ಜೆ ಹಳ್ಳದ ನೀರಿಗಿಳಿದು, ಕಾಲಿನ ಜೋಡು ತೊಯ್ದಾಗ ಅವನೇ ಬಿಟ್ಟ. ಹೆಂಗಸರು ಮುಸಿಮುಸಿ ನಕ್ಕರು. ಅಂದು ಒಂದು ಕೋಲೂ ಮೇಲೇಳಲಿಲ್ಲ. ಇಷ್ಟು ಸಂತೋಷದಿಂದ ನಾನು ಎಂದೂ ದಾರಿ ನಡೆದವನಲ್ಲ.

ಹುಮನಾಬಾದಿನ ಕಾಳಿನ ಪೇಟೆಯ ಹೊರಗಿನ ಬಯಲಲ್ಲಿ ಹೇರು ಇಳಿಯಿತು. ಹೊಟ್ಟಿನ ಮೇಲೆ ಮಣ್ಣು ತುಂಬಿ, ಗೋಣಿಗೆ ಗೋಣಿ ಕೂಡಿಸಿ, ಎದೆಯೆತ್ತರದ ಸುತ್ತುಗೋಡೆ ಕಟ್ಟಿದರು. ಒಳಗೆ ಎತ್ತು, ಒಂದು ಕಡೆ ಬಾಗಿಲು. ಅಡತ್ತಿಯವರು ತಕ್ಕಡಿ ಬಿಟ್ಟು ನೋಡಲು ಬಂದರು. ಪೇಶಿಯ ದಿನ ಅಧಿಕಾರಿ ಟಾಂಗಾದಲ್ಲಿ ಬಂದಿಳಿದು, ಬಾಗಿಲ ಬಳಿ ಹಾಕಿದ್ದ ಕುರ್ಚಿಯಲ್ಲಿ ಕುಳಿತರು. ಹೆಂಗಸರು ತಮ್ಮ ತಮ್ಮ ಗೋಣಿಗಳ ಮೇಲೆ ಕುಳಿತಿದ್ದರು.

ಎದುರು ವಕೀಲರು ಮೂಗು ಮುರಿದರು. "ಇದು ಕಚೇರಿನೋ ಸಂತಿನೋ?"

"ಕುರ್ಚಿ ನನ್ನದು. ನಾನು ಕೂತಲ್ಲಿ ಕಚೇರಿ" ಎಂದರು ಅಧಿಕಾರಿ.

ಮೊದಲು ಕಾರಭಾರಿಯ ಸೊಸೆ. ಅವಳು ನಾಯಕನತ್ತ ಮುಖ ಮಾಡಿ ಹೇಳಿದಳು. ನಾನು ಉರ್ದುವಿಗೆ ಅನುವಾದಿಸಿದೆ. ನಗಾರಿ ಬಡಿದದ್ದು, ಗಂಡ ಒಂದು ಎತ್ತು ಬಿಚ್ಚಿಕೊಂಡು ಓಡಿದ್ದು, ಇನ್ನೊಂದರ ಗಂಟು ಬಿಗಿದು ಬಿಚ್ಚಲಾರದೆ ಉಳಿದದ್ದು, ಜವಾನರು ಕುಡಗೋಲಿನಿಂದ ಹಗ್ಗ ಕೊಯ್ದದ್ದು.

"ಎತ್ತು ನೀವ ಖುಷಿಲೆ ಕೊಟ್ಟೀರಿ, ಹೌದಲ್ಲ?" ಎಂದರು ವಕೀಲರು.

"ಖುಷಿಲೆ ಕೊಟ್ಟಿದ್ರ ಅವರು ಹಗ್ಗ ಯಾಕ ಕೊಯ್ತಿದ್ರು? ಬಿಚ್ಚಿ ಕೊಡತಿದ್ದೆ. ಕೊಯ್ದ ತುದಿ ನನ್ನ ಕೈಯಾಗ ಉಳೀತು, ನಾ ಹುಣಚೀ ಗಿಡದ ತನಕ ಬೆನ್ನ ಹತ್ತಿ ಹೋದೆ. ಅಲ್ಲಿ ಕೋಲಿನ ಏಟು ಬಿತ್ತು."

"ಈ ಮಾತೆಲ್ಲಾ ನಿನಗ ಕಲಿಸಿದವರು ಯಾರು? ಈ ವಕೀಲರೇನು?"

ಅವಳು ನನ್ನನ್ನು ಒಮ್ಮೆ ನೋಡಿದಳು. "ಇವರಿಗೆ ಹೇರಿನ ಗಂಟು ಹಾಕಾಕ ಬರೂದಿಲ್ರಿ. ಇವರು ನನಗೇನ ಕಲಸತಾರ?"

ಅಧಿಕಾರಿಯೂ ನಕ್ಕರು, ನಾನೂ ನಕ್ಕೆ. ವಕೀಲರು ದನಿಯೇರಿಸಿ ಅವಳ ಮುಂದಿನ ಮಾತನ್ನು ತಡೆಯಹೋದರು. ಆಗ, ಅಂದು ಬೆಳಗಿನಿಂದ ಬಾಯಿ ತೆರೆಯದಿದ್ದ ನಾಯಕ ಎದ್ದು ನಿಂತ.

"ಗೋಣಿ ಮ್ಯಾಲಿನ ಮಾತ ಅರ್ಧಕ್ಕ ನಿಲ್ಲಸಬಾರದ್ರಿ, ಸಾಹೇಬ. ನಾನೂ ನಿಲ್ಲಸಂಗಿಲ್ಲ."

ಅಧಿಕಾರಿ ವಕೀಲರಿಗೆ ಕೂರಲು ಸನ್ನೆ ಮಾಡಿದರು. ಆಮೇಲೆ ಗೋಡೆ ಸುತ್ತಿ ಬಂತು ಸಾಕ್ಷಿ. ಒಂದು ಗೋಣಿಯಿಂದ ಇನ್ನೊಂದು ಗೋಣಿಗೆ, ತಾವು ಕಂಡದ್ದಷ್ಟನ್ನೇ, ಇನ್ನೊಬ್ಬಳು ಕಂಡದ್ದನ್ನು ಸೇರಿಸದೆ. ಕಾರಭಾರಿ ಕಡೆಯವರೆಗೂ ತಲೆ ತಗ್ಗಿಸಿಯೇ ಕುಳಿತಿದ್ದ. ಸೊಸೆ ಹೆಬ್ಬೆಟ್ಟು ಒತ್ತಲು ಗೋಡೆಯಿಂದ ಇಳಿಯುವಾಗ, ಅವಳ ನೋವಿನ ಹೆಗಲಿಗೆ ಜಗ್ಗದಿರಲೆಂದು ತನ್ನ ಕೋಲನ್ನು ಊರುಗೋಲಾಗಿ ಚಾಚಿದ. ಅವಳು ಹಿಡಿದುಕೊಂಡಳು.

ಎತ್ತುಗಳನ್ನು ಕೂಡಲೆ ಬಿಡಬೇಕೆಂದೂ, ಮುಂದೆ ಬಿಟ್ಟಿಗೆ ಹಿಡಿಯಕೂಡದೆಂದೂ ಹುಕುಮಾಯಿತು. ಎತ್ತುಗಳು ದಿಬ್ಬ ಹತ್ತಿ ಬಂದಾಗ ಮಿರಗದ ಮೋಡ ಕಟ್ಟುತ್ತಿತ್ತು. ಬಿತ್ತನೆಯ ಮೊದಲ ಹದಕ್ಕೆ ನಾನು ಹೋಗಿದ್ದೆ. ಕಾರಭಾರಿಯ ಹೊಲದಲ್ಲಿ ಜೋಡಿ ಎತ್ತು ಕೂರಿಗೆ ಎಳೆಯುತ್ತಿದ್ದವು. ಸೊಸೆ ಮಡಿಲಲ್ಲಿ ತೊಗರಿ ಕಟ್ಟಿಕೊಂಡು, ಬಟ್ಟಲಿಗೆ ಬೀಜ ಬಿಡುತ್ತ ಕೂರಿಗೆಯ ಹಿಂದೆ ನಡೆಯುತ್ತಿದ್ದಳು. ಹೆಣ್ಣುಮಗಳು ಕೂರಿಗೆಯ ಮುಂದಲ್ಲ, ಹಿಂದೆ. ಹೋದ ವರ್ಷದಿಂದ ಈ ವರ್ಷಕ್ಕೆ ಆದ ವ್ಯತ್ಯಾಸ ಇಷ್ಟು.

ನಸಾಬದ ಹಿರಿಯರಲ್ಲಿ ನನ್ನದೊಂದು ತಗಾದೆ ಉಳಿದಿದೆ. ಈಗ ನಸಾಬ ಕೂಡುವಾಗ ನಾಯಕ ಕಟ್ಟೆಯ ಕೆಳಗೆ ಒಂದು ಹಳೆಯ ಗೋಣಿ ಹಾಸಿಸುತ್ತಾನೆ. ಅದರ ಮೇಲೆ ಕುಳಿತ ಹೆಂಗಸಿನ ಮಾತನ್ನು ಯಾರೂ ತಡೆಯುವುದಿಲ್ಲ. ಕೆಳಗೆ ಯಾಕೆ, ಮೇಲೆ ಯಾಕಲ್ಲ ಎಂದು ಕೇಳಿದೆ. ಕಟ್ಟೆ ಸಣ್ಣದು, ಜಾಗ ಸಾಲದು ಎಂದ ಕಾರಭಾರಿ.

ಹುಕುಮು ಬರೆದ ಅಧಿಕಾರಿಗಳೇ, ಅದನ್ನು ಇನ್ನೂ ನುಂಗಲಾರದ ಮಕ್ತೇದಾರರೇ, ನನ್ನ ಬೇಡಿಕೆ ಇದು. ಎತ್ತುಗಳನ್ನು ಬಿಟ್ಟಿರಿ, ಎತ್ತು ಕಟ್ಟಿದ ಕಲ್ಲಿನ ಗೂಟಗಳು ಗಢಿಯ ಮುಂದೆ ಇನ್ನೂ ನಿಂತಿವೆ. ಗೂಟ ಇರುವತನಕ ಹಗ್ಗದ ಆಸೆ ಇರುತ್ತದೆ. ಬರುವ ಮಿರಗಕ್ಕೆ ಮುಂಚೆ, ಹಗಲಿನಲ್ಲಿ, ತಾಂಡಾದ ಹೆಂಗಸರ ಎದುರಿಗೆ, ಹಗ್ಗ ಕೊಯ್ದ ಆ ಜವಾನರ ಕೈಯಿಂದಲೇ ಅವನ್ನು ಕೀಳಿಸಿರಿ. ಕಿತ್ತ ಕಲ್ಲುಗಳನ್ನು ತಾಂಡಾಕ್ಕೆ ಕಳಿಸಿರಿ. ಬೇವಿನ ಕಟ್ಟೆಯನ್ನು ಹೆಂಗಸರು ಕೂರುವಷ್ಟು ಅಗಲ ಮಾಡಲು ಆ ಕಲ್ಲುಗಳು ಬೇಕು.